ಹೆಸರು ಬರೆಯುವುದು ಬೇಡ

ಬೆಳಿಗ್ಗೆ ಎಂಟೂವರೆಗೆ ಸೀನಪ್ಪ ಮೂರನೇ ಮಹಡಿಯ ಪೆಟ್ಟಿಗೆಗೆ ಒಂದು ಕಾಗದ ಹಾಕಿದ. ಎಂಟೂ ಮುಕ್ಕಾಲಿಗೆ ಅದನ್ನು ಯಾಕಾದರೂ ಹಾಕಿದೆನೋ ಎಂದು ತಲೆ ಚಚ್ಚಿಕೊಂಡ. ನಡುವಿನ ಆ ಹದಿನೈದು ನಿಮಿಷ ಮಾತ್ರ ಅವನು ಆ ಆಸ್ಪತ್ರೆಯ ಅತ್ಯಂತ ಸುಖಿ ನೌಕರನಾಗಿದ್ದ.

ಸೀನಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿ ಕೂತು, ಹಳೆಯ ಫೈಲುಗಳ ಧೂಳು ಕುಡಿದು, ದಿನಕ್ಕೆ ನಲವತ್ತು ಸಲ ಸೀನಿ ಅವನೇ ಸಂಪಾದಿಸಿಕೊಂಡದ್ದು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಕೋಪ ಬಂದಾಗ ಹೆಂಡತಿಯ ಬಾಯಲ್ಲಿತ್ತು. ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಅವನಿಗಿದ್ದದ್ದು ಒಂದೇ ಆಸೆ. ಮುಂಬಾಗಿಲ ಹತ್ತಿರ ‘ವಿಚಾರಣೆ’ ಎಂಬ ಮೇಜಿತ್ತು, ಅದರ ಹಿಂದೊಂದು ಕುರ್ಚಿ, ಕುರ್ಚಿಯ ಪಕ್ಕದಲ್ಲಿ ದೊಡ್ಡ ಕಿಟಕಿ. ಅಲ್ಲಿ ಕೂರುತ್ತಿದ್ದವರು ನಿವೃತ್ತರಾಗಿ ಎರಡು ತಿಂಗಳಾದರೂ ಬೇರೆ ಯಾರನ್ನೂ ಹಾಕಿರಲಿಲ್ಲ. ಸೀನಪ್ಪ ದಿನವೂ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಆ ಕುರ್ಚಿಯನ್ನು ನೋಡುತ್ತಿದ್ದ. ಮದುವೆಗೆ ಮುಂಚೆ ಹೆಂಡತಿಯ ಮನೆಯ ಬಾಗಿಲನ್ನು ಅವನು ಹೀಗೇ ನೋಡಿಕೊಂಡು ಹೋಗುತ್ತಿದ್ದ. ಬೆಳಕು, ಗಾಳಿ, ಎದುರಿಗೊಂದು ಮರ. ಹನ್ನೊಂದು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವನು ಮರ ನೋಡಿದ್ದೇ ಇಲ್ಲ.

ಮೂರು ತಿಂಗಳ ಹಿಂದೆ ಹೊಸ ಸೂಪರಿಂಟೆಂಡೆಂಟ್ ಮೇಡಂ ಬಂದಿದ್ದರು. ಮಾತು ಕಡಿಮೆ, ನೋಟ ಜಾಸ್ತಿ. ನೌಕರರು ಸಂತೋಷವಾಗಿದ್ದರೆ ರೋಗಿಗಳು ಸಂತೋಷವಾಗಿರುತ್ತಾರೆ ಎನ್ನುವುದು ಅವರ ಸಿದ್ಧಾಂತ. ಅದಕ್ಕಾಗಿ ತಮ್ಮ ಕೋಣೆಯ ಹೊರಗೆ ಬೀಗ ಹಾಕಿದ ಒಂದು ಪೆಟ್ಟಿಗೆ ಇಡಿಸಿ, ಮೇಲೆ ಒಂದು ಕಟ್ಟು ನಮೂನೆ ಇಡಿಸಿದ್ದರು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಮನಸ್ಸು ಬಿಚ್ಚಿ ಬರೆಯಿರಿ. ಹೆಸರು ಬರೆಯುವುದು ಬೇಡ’ ಎಂದಿತ್ತು. ಕೆಳಗೆ ಮೂರೇ ಪ್ರಶ್ನೆ. ಕೊನೆಯದರಲ್ಲಿ ಬರೆದ ಬಯಕೆ ಏನೇ ಇದ್ದರೂ ಈಡೇರಿಸುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ಈ ದಿನ ಸಂಜೆ ನಾಲ್ಕಕ್ಕೆ ಎಲ್ಲರ ಎದುರು ಪೆಟ್ಟಿಗೆ ತೆರೆಯುವುದೆಂದು ನಿಗದಿಯಾಗಿತ್ತು.

ಸೀನಪ್ಪನ ಹೆಂಡತಿ ಹಿಂದಿನ ದಿನವೇ ಎಚ್ಚರಿಸಿದ್ದಳು. ಎಲ್ಲ ಚೆನ್ನಾಗಿದೆ ಅಂತ ಬರೆದು ಸುಮ್ಮನಾಗಿ, ಮನಸ್ಸು ಬಿಚ್ಚಬೇಕು ಅನ್ನಿಸಿದರೆ ಮನೆಗೆ ಬಂದು ಬಿಚ್ಚಿ, ನಾನಿದ್ದೇನೆ ಎಂದಿದ್ದಳು. ಆದರೆ ಹೆಸರು ಬೇಡ ಎಂದ ಮೇಲೆ ಹುಲಿಯಾಗದ ಗುಮಾಸ್ತ ಯಾರಿದ್ದಾನೆ? ನಿಮ್ಮ ಕೆಲಸದ ಜಾಗ ಹೇಗಿದೆ ಎಂಬ ಪ್ರಶ್ನೆಗೆ ಅವನು, “ಇಲ್ಲಿ ಧೂಳಿಗೆ ಕಾಯಂ ಹುದ್ದೆ. ನಾನು ಅದರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ” ಎಂದು ಬರೆದ. ಮೇಲಧಿಕಾರಿಗಳ ಬೆಂಬಲ ಸಿಗುತ್ತಿದೆಯೇ ಎಂಬುದಕ್ಕೆ, “ಸೂಪರಿಂಟೆಂಡೆಂಟ್ ಮೇಡಂ ಮೂರು ತಿಂಗಳಲ್ಲಿ ಒಂದೇ ಒಂದು ಸಲ ದಾಖಲೆ ಕೋಣೆಗೆ ಬಂದಿದ್ದಾರೆ. ಅದೂ ಶೌಚಾಲಯ ಹುಡುಕಿಕೊಂಡು” ಎಂದು ಬರೆದ. ನಿಮ್ಮ ಒಂದು ಬಯಕೆ ಎಂಬಲ್ಲಿ, “ವಿಚಾರಣೆ ಮೇಜಿನ ಕಿಟಕಿ ಪಕ್ಕದ ಕುರ್ಚಿ” ಎಂದು ಬರೆದು, ಮಡಚಿ, ಪೆಟ್ಟಿಗೆಗೆ ಹಾಕಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದ.

ಕೆಳಗೆ ಔಷಧದ ಕಿಂಡಿಯಲ್ಲಿ ಗುಳಿಗೆ ಗುರು ಇದ್ದ. ಮಾತ್ರೆ ಕೊಡುವುದು ಅವನ ಕೆಲಸ, ಬುದ್ಧಿ ಕೊಡುವುದು ಅವನ ಚಟ. ಎರಡನ್ನೂ ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದ. ಸೀನಪ್ಪ ತಾನು ಬರೆದದ್ದನ್ನು ಅಕ್ಷರ ಬಿಡದೆ ಅವನ ಕಿವಿಯಲ್ಲಿ ಹೇಳಿ, ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತೆ ಎಂದು ನಕ್ಕ.

ಗುರು ನಗಲಿಲ್ಲ. ಕಿಂಡಿಯ ಪಕ್ಕ ಬಿದ್ದಿದ್ದ ಒಂದು ಹಳೆಯ ಫೈಲನ್ನು ಎತ್ತಿ ಅದರ ಬೆನ್ನನ್ನು ಸೀನಪ್ಪನ ಮೂಗಿನ ಮುಂದೆ ಹಿಡಿದ.

“ಇದು ಯಾರ ಅಕ್ಷರ?”

“ನಂದು.”

“ಈ ಆಸ್ಪತ್ರೇಲಿರೋ ಎಲ್ಲ ಫೈಲಿನ ಮೇಲೂ ಯಾರ ಅಕ್ಷರ?”

ಸೀನಪ್ಪನ ಮುಖ ಬಿಳಚಿಕೊಂಡಿತು. ದಪ್ಪಗೆ, ದುಂಡಗೆ, ಪ್ರತಿ ಅಕ್ಷರಕ್ಕೂ ಒಂದು ಬಾಲ ಬಿಟ್ಟು ಬರೆಯುವ ಅವನ ಕೈಬರಹ ಹನ್ನೊಂದು ವರ್ಷದಿಂದ ಪ್ರತಿ ಕಪಾಟಿನಲ್ಲಿ, ಪ್ರತಿ ಮೇಜಿನ ಮೇಲೆ ಕೂತಿತ್ತು. ಅವನ ಹೆಸರು ಗೊತ್ತಿಲ್ಲದವರಿಗೂ ಅಕ್ಷರ ಗೊತ್ತಿತ್ತು. ಅದೂ ಅಲ್ಲದೆ ದಾಖಲೆ ಕೋಣೆಯಲ್ಲಿ ಕೆಲಸ ಮಾಡುವವನು ಇಡೀ ಆಸ್ಪತ್ರೆಗೆ ಅವನೊಬ್ಬನೇ. ಅಕ್ಷರ ಬಿಟ್ಟರೂ ಧೂಳು ಬಿಡುವ ಹಾಗಿರಲಿಲ್ಲ.

“ಶೌಚಾಲಯದ ವಿಷಯ ಬೇರೆ ಬರ್ದಿದ್ದೀಯ,” ಎಂದು ಗುರು ನಿಟ್ಟುಸಿರು ಬಿಟ್ಟ. “ನಾಲ್ಕು ಗಂಟೆ ಒಳಗೆ ಅದನ್ನ ವಾಪಸ್ ತಗೋ. ಇಲ್ಲಾಂದ್ರೆ ನೆಲಮಾಳಿಗೆಗಿಂತ ಕೆಳಗಿನ ಜಾಗ ಯಾವುದಿದೆ ಅಂತ ಮೇಡಂ ಹುಡುಕ್ತಾರೆ.”

ಬೇರೆ ದಿನವಾಗಿದ್ದರೆ ಇದು ಕಷ್ಟದ ಕೆಲಸವೇನಲ್ಲ. ಸೀನಪ್ಪ ಬೆಳಗಿನಿಂದ ಸಂಜೆಯವರೆಗೆ ತನ್ನ ಜಾಗದಲ್ಲಿ ಇಲ್ಲದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲಿ ಇದ್ದುದರಿಂದ ಹಳೆಯ ಫೈಲು ಕೇಳುವವರೇ ಇರಲಿಲ್ಲ. ಆದರೆ ಈ ದಿನ ಬೆಳಿಗ್ಗೆ ಹಳೆಯ ಕಂಪ್ಯೂಟರ್ ವ್ಯವಸ್ಥೆ ನಿಲ್ಲಿಸಿ ಹೊಸದು ಶುರು ಮಾಡುವುದೆಂದಿತ್ತು. ಹಳೆಯದು ಹೇಳಿದ ಹೊತ್ತಿಗೆ ನಿಂತಿತು. ಹೊಸದು ಶುರುವಾಗಲಿಲ್ಲ. ಒಂದೇ ಸಲ ತೊಂದರೆ ಮುಗಿದುಹೋಗಲಿ ಎಂದು ಲಿಫ್ಟಿನ ತಂತಿ ಬದಲಾಯಿಸುವವರನ್ನೂ ಅಂದೇ ಕರೆಸಿದ್ದರು. ಗೋಡೆಗೆ ಬಣ್ಣ ಹೊಡೆಯುವವರು ಅದಕ್ಕೂ ಮುಂಚೆ ಬಂದು, ಯಾವ ಕೋಣೆ ಎಲ್ಲಿದೆ ಎಂದು ಹೇಳುವ ಫಲಕಗಳನ್ನೆಲ್ಲ ಕಿತ್ತು ಮೆಟ್ಟಿಲ ಕೆಳಗೆ ರಾಶಿ ಹಾಕಿದ್ದರು.

ಒಂಬತ್ತು ಗಂಟೆಯ ಹೊತ್ತಿಗೆ ಹಳೇ ಗಂಡನ ಪಾದವೇ ಗತಿ ಎಂದು ಇಡೀ ಆಸ್ಪತ್ರೆ ದಾಖಲೆ ಕೋಣೆಯ ಬಾಗಿಲಿಗೆ ಬಂದು ನಿಂತಿತು. ಹನ್ನೊಂದು ವರ್ಷ ಯಾರಿಗೂ ಬೇಡವಾಗಿದ್ದ ಸೀನಪ್ಪ, ತಪ್ಪಿಸಿಕೊಂಡು ಹೋಗಬೇಕಾಗಿದ್ದ ಒಂದೇ ದಿನ ಎಲ್ಲರಿಗೂ ಬೇಕಾದ.

ಅವನು ಫೈಲು ತೆಗೆದ, ಸೀನಿದ, ಕೊಟ್ಟ. ಮತ್ತೆ ತೆಗೆದ. ಫೈಲು ಸಿಕ್ಕವರು ಹೋಗದೆ ಅಲ್ಲೇ ನಿಂತು ರಕ್ತ ಪರೀಕ್ಷೆ ಎಲ್ಲಿ, ಎಕ್ಸ್‌ರೇ ಎಲ್ಲಿ, ಮಕ್ಕಳ ಡಾಕ್ಟರು ಎಲ್ಲಿ ಎಂದು ಕೇಳತೊಡಗಿದರು. ಫಲಕಗಳಿಲ್ಲದ ಆಸ್ಪತ್ರೆಯಲ್ಲಿ ಎಲ್ಲ ಬಾಗಿಲುಗಳೂ ಒಂದೇ ಥರ ಕಾಣುತ್ತವೆ. ಬಾಯಲ್ಲಿ ಹೇಳಿದರೆ ಎರಡನೇ ತಿರುವಿನಲ್ಲಿ ಮರೆತು ವಾಪಸು ಬರುತ್ತಿದ್ದರು. ಆದ್ದರಿಂದ ಸೀನಪ್ಪ ರದ್ದಿ ಕಾಗದಗಳನ್ನು ಹರಿದು, ಹಿಂಬದಿಯಲ್ಲಿ ತನ್ನ ದುಂಡಕ್ಷರದಲ್ಲಿ ದಾರಿ ಬರೆದು, ಬಾಣದ ಗುರುತು ಹಾಕಿ ಕೊಡತೊಡಗಿದ. ಅಂಗಿಯ ಜೇಬು ತುಂಬ ಇಂಥ ಕಾಗದ ತುರುಕಿಕೊಂಡ. ಯಾರಾದರೂ ಎಲ್ಲಿ ಎಂದರೆ ಸಾಕು, ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಎಡಗೈಗೆ ಮೊಣಕೈವರೆಗೆ ಬಿಳಿಯ ಗಟ್ಟಿ ಕಟ್ಟು. ಆರು ವಾರ ಮುಗಿದಿದ್ದವು, ಅದನ್ನು ಕತ್ತರಿಸಿ ತೆಗೆಸಬೇಕಿತ್ತು. ಒಳಗೆ ತುರಿಕೆ ಬಂದು ಪ್ರಾಣ ಹೋಗ್ತಿದೆ ಅಪ್ಪಾ, ಒಂದು ಕಡ್ಡಿ ಇದ್ರೂ ಕೊಡು ಎಂದರು. ಸೀನಪ್ಪನಿಗೆ ಕರುಳು ಚುರುಕ್ಕೆಂದಿತು. ಮೂಗಿನ ತುರಿಕೆಯ ಕಷ್ಟ ಬಲ್ಲವನಿಗೆ ಕೈಯ ತುರಿಕೆಯ ಕಷ್ಟ ತಿಳಿಯದೆ ಇರುತ್ತದೆಯೇ? ಫೈಲು ಹುಡುಕಿಕೊಟ್ಟು, ಮೊದಲನೇ ಮಹಡಿಯ ಕಟ್ಟು ಬಿಚ್ಚುವ ಕೋಣೆಗೆ ದಾರಿ ಬರೆದುಕೊಟ್ಟ. ಆಮೇಲೆ ಹತ್ತು ನಿಮಿಷ ಬಿಡುವು ಸಿಕ್ಕಿದ್ದೇ ಬಾಗಿಲು ಎಳೆದುಕೊಂಡು ಮೂರನೇ ಮಹಡಿಗೆ ಓಡಿದ.

ಪೆಟ್ಟಿಗೆಯ ಎದುರು ಮೇಡಂ ಅವರ ಆಪ್ತ ಸಹಾಯಕ ಕೂತಿದ್ದ. ಒಂದು ಕಾಗದ ತಪ್ಪಾಗಿ ಹಾಕಿಬಿಟ್ಟಿದ್ದೇನೆ, ಒಂದು ನಿಮಿಷ ಬೀಗ ತೆಗೆಯಬಹುದೇ ಎಂದು ಸೀನಪ್ಪ ಕೇಳಿದ. ಕೀಲಿಕೈ ಮೇಡಂ ಹತ್ತಿರ ಇದೆ, ಬೇಕಾದರೆ ಅವರನ್ನೇ ಕರೆಯುತ್ತೇನೆ, ನಿಮ್ಮ ಕಾಗದ ಯಾವುದು, ಅದರಲ್ಲಿ ಏನು ಬರೆದಿದೆ ಹೇಳಿದರೆ ಹುಡುಕುವುದು ಸುಲಭ ಎಂದು ಆ ಒಳ್ಳೆಯ ಮನುಷ್ಯ ಎದ್ದೇಬಿಟ್ಟ. ಮರೆತುಹೋಗಿದೆ ಎಂದು ಹೇಳಿ ಸೀನಪ್ಪ ಕಾಲಿಗೆ ಬುದ್ಧಿ ಹೇಳಿದ.

ಕೆಳಗೆ ಗುರು ಎರಡನೇ ಹೊತ್ತಿನ ಬುದ್ಧಿ ಕೊಟ್ಟ. ಪೆಟ್ಟಿಗೆಗೆ ಬೀಗ ಇದ್ದರೇನು, ಬಾಯಿ ಇದೆಯಲ್ಲ. ಗಾಯದಿಂದ ಮುಳ್ಳು ತೆಗೆಯುವ ಉದ್ದ ಇಕ್ಕಳ ಸಿಕ್ಕರೆ ಕಾಗದ ತೆಗೆಯುವುದು ಯಾವ ದೊಡ್ಡ ವಿಷಯ ಎಂದ. ಇಕ್ಕಳ ಇದ್ದದ್ದು ಗಾಯ ಕಟ್ಟುವ ಕೋಣೆಯ ಹಿರಿಯ ಸಿಸ್ಟರ್ ಹತ್ತಿರ. ಅವರಿಂದ ಹತ್ತಿಯ ಉಂಡೆ ಇಸಿದುಕೊಳ್ಳಬೇಕಾದರೂ ಮೂರು ಕಡೆ ಸಹಿ ಮಾಡಬೇಕು ಎಂದು ಪ್ರತೀತಿ. ಫೈಲೊಂದು ಕಪಾಟಿನ ಹಿಂದೆ ಬಿದ್ದಿದೆ, ರೋಗಿ ಕಾಯುತ್ತಿದ್ದಾರೆ ಎಂದು ಸೀನಪ್ಪ ಸುಳ್ಳು ಹೇಳಿದ. ಸಿಸ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, ನಾಲ್ಕು ಗಂಟೆಗೆ ವಾಪಸು ಬರಬೇಕು, ತೊಳೆದಿರಬೇಕು ಎಂದು ಕೊಟ್ಟರು.

ಇಕ್ಕಳವನ್ನು ಪ್ಯಾಂಟಿನ ಜೇಬಿಗಿಳಿಸಿ ಅವನು ಹನ್ನೆರಡಕ್ಕೆ ಮತ್ತೆ ಮೆಟ್ಟಿಲು ಹತ್ತಿದ. ಮೊದಲನೇ ಮಹಡಿಯ ತಿರುವಿನಲ್ಲಿ, ಕಾಲಿಗೆ ಪೆಟ್ಟಾದ ಒಬ್ಬ ಭಾರೀ ಮನುಷ್ಯನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೂವರು ನಿಂತಿದ್ದರು. ನಾಲ್ಕನೆಯವನಿಗೆ ಕಾಯುತ್ತಿದ್ದರು. ಸೀನಪ್ಪ ನಾಲ್ಕನೆಯವನಾದ. ಎರಡನೇ ಮಹಡಿ ತಲುಪಿದ ಮೇಲೆ, ಡಾಕ್ಟರು ಕೆಳಗೆ ಹೋಗಿದ್ದಾರೆಂದು ತಿಳಿದು ಅದೇ ಕುರ್ಚಿ ಅದೇ ನಾಲ್ವರೊಂದಿಗೆ ಕೆಳಗಿಳಿಯಿತು. ಇಳಿದ ಮೇಲೆ ಆ ಭಾರೀ ಮನುಷ್ಯ ಸೀನಪ್ಪನ ಕೈ ಹಿಡಿದುಕೊಂಡು, ಬೆಳಗಿನಿಂದ ನನ್ನ ಮುಖ ನೋಡಿ ಮಾತಾಡಿದವರು ನೀವೊಬ್ಬರೇ ಎಂದ. ಸೀನಪ್ಪನಿಗೆ ಸಂತೋಷವಾಯಿತು, ಸೊಂಟ ಹಿಡಿಯಿತು, ಒಂದು ಗಂಟೆ ಹೊಡೆಯಿತು.

ಅಲ್ಲೇ ಅಜ್ಜಿ ಮತ್ತೆ ಸಿಕ್ಕರು, ಕಟ್ಟಿನ ಸಮೇತ. ಅವನು ಬರೆದ ದಾರಿ ಸರಿಯಾಗಿಯೇ ಇತ್ತು. ಆದರೆ ಅಜ್ಜಿ ತಲುಪುವಷ್ಟರಲ್ಲಿ ಬಣ್ಣ ಹೊಡೆಯುವವರು ಬಂದರೆಂದು ಕಟ್ಟು ಬಿಚ್ಚುವ ಕೋಣೆಯನ್ನು ನೆಲಮಹಡಿಗೆ ಸಾಗಿಸಿದ್ದರು. ಅವರು ನೆಲಮಹಡಿಗೆ ಬರುವಷ್ಟರಲ್ಲಿ ಅಲ್ಲಿ ವಿದ್ಯುತ್ತಿಲ್ಲ, ಕತ್ತರಿಸುವ ಯಂತ್ರ ತಿರುಗುವುದಿಲ್ಲ ಎಂದು ಮತ್ತೆಲ್ಲಿಗೋ ಒಯ್ದಿದ್ದರು. ನಾನೇನು ಅದರ ಹಿಂದೆ ಓಡ್ತಾ ಇರಲಾ, ಇಲ್ಲ ಅದೇ ಬರುತ್ತೆ ಅಂತ ಕೂತಿರಲಾ ಎಂದು ಅಜ್ಜಿ ಕೇಳಿದರು. ವಿಚಾರಿಸಿ ಹೇಳುತ್ತೇನೆ, ನೀವಿಲ್ಲೇ ಇರಿ ಎಂದು ಸೀನಪ್ಪ ಅವರನ್ನು ಬೆಂಚಿನ ಮೇಲೆ ಕೂರಿಸಿದ. ವಿಚಾರಣೆ ಮೇಜಿನ ಕುರ್ಚಿ ಎದುರಿಗೇ ಖಾಲಿ ಬಿದ್ದಿತ್ತು. ಈಗ ಅಲ್ಲಿ ತಾನು ಕೂತಿದ್ದರೆ ಇಷ್ಟು ಜನ ಇಷ್ಟು ಅಲೆಯಬೇಕಿರಲಿಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ಎರಡು ಗಂಟೆಗೆ ದಾಖಲೆ ಕೋಣೆಯ ಮುಂದೆ ಫೈಲಿಗಾಗಿ ಕಾದವರ ಗಲಾಟೆ ಜೋರಾಯಿತು. ಗುಮಾಸ್ತ ಎಲ್ಲಿ ಎಂದು ಒಬ್ಬರು ಕೂಗಿದರೆ ಇಪ್ಪತ್ತು ಜನ ದನಿಗೂಡಿಸಿದರು. ಗದ್ದಲ ಮೂರನೇ ಮಹಡಿಗೂ ಕೇಳಿ, ಮೇಡಂ ತಮ್ಮ ಸಹಾಯಕನನ್ನೂ ಕಚೇರಿಯವರೆಲ್ಲರನ್ನೂ ಕರೆದುಕೊಂಡು ಜನರನ್ನು ಸಮಾಧಾನ ಮಾಡಲು ಕೆಳಗಿಳಿದರು. ಗಲಾಟೆಗೆ ಕಾರಣನಾದ ಗುಮಾಸ್ತ ಆಗ ಹಿಂಬದಿಯ ಮೆಟ್ಟಿಲಿನಿಂದ ಮೂರನೇ ಮಹಡಿಗೆ ಬಂದು, ಪೆಟ್ಟಿಗೆಯ ಬಾಯಿಗೆ ಇಕ್ಕಳ ತೂರಿಸುತ್ತಿದ್ದ.

ಮೊದಲು ಬಂದ ಕಾಗದದಲ್ಲಿ ಮೂರು ಪ್ರಶ್ನೆಗೂ ಸೇರಿಸಿ ‘ಎಲ್ಲ ಚೆನ್ನಾಗಿದೆ’ ಎಂದಿತ್ತು. ಎರಡನೆಯದರಲ್ಲಿ ‘ಎಲ್ಲ ಬಹಳ ಚೆನ್ನಾಗಿದೆ’. ಮೂರನೆಯದನ್ನು ಓದಲಾಗಲಿಲ್ಲ, ಅದು ಯಾವುದೋ ಡಾಕ್ಟರದು. ಹೆಸರಿಲ್ಲದೆ ಬರೆಯುವ ಯೋಗ್ಯತೆ ಇದ್ದದ್ದು ಅವರೊಬ್ಬರಿಗೇ. ನಾಲ್ಕನೆಯದರಲ್ಲಿ, ಮೇಡಂ ಅವರು ಬಂದ ಮೇಲೆ ಆಸ್ಪತ್ರೆಯ ಗಾಳಿಯೇ ಔಷಧವಾಗಿದೆ, ಮಾತ್ರೆಗಳಿಗೆ ಕೆಲಸವಿಲ್ಲ ಎಂದಿತ್ತು. ಇದು ಯಾರ ಗುಳಿಗೆ ಎಂದು ಸೀನಪ್ಪನಿಗೆ ತಕ್ಷಣ ತಿಳಿಯಿತು. ಊರೆಲ್ಲ ಒಂದು ದಾರಿಯಾದರೆ ಎಡವಟ್ಟನದೇ ಒಂದು ದಾರಿ ಎನ್ನುವ ಮಾತು ತನಗಾಗಿಯೇ ಹುಟ್ಟಿದ್ದು ಅನ್ನಿಸಿತು. ಏಳನೇ ಸಲಕ್ಕೆ ಅವನದೇ ಕಾಗದ ಇಕ್ಕಳದ ತುದಿಯಲ್ಲಿ ಮೇಲೆದ್ದು ಬಂತು.

ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿದ. ಮಿಕ್ಕವನ್ನು ಪೆಟ್ಟಿಗೆಗೆ ಹಾಕಿದ. ಅಷ್ಟಕ್ಕೇ ಇಳಿದುಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಎಲ್ಲರೂ ಹೊಗಳಿ ತಾನೊಬ್ಬ ಏನೂ ಬರೆಯದಿದ್ದರೆ ಹೇಗೆ ಎನ್ನಿಸಿತು. ಅಕ್ಷರ ಹೇಗಿದ್ದರೂ ಗುರುತು ಸಿಗುತ್ತದೆ, ಒಳ್ಳೆಯದಕ್ಕೇ ಸಿಗಲಿ ಎಂದುಕೊಂಡು ಹೊಸ ನಮೂನೆಯೊಂದನ್ನು ಎಳೆದು, ನಿಂತಲ್ಲೇ ಬರೆದ: “ದಾಖಲೆ ಕೋಣೆಯೇ ನನಗೆ ಸ್ವರ್ಗ. ಮೇಡಂ ಅವರ ಬೆಂಬಲ ಹೆತ್ತ ತಾಯಿಯ ಬೆಂಬಲಕ್ಕಿಂತ ದೊಡ್ಡದು. ಬಯಕೆ ಒಂದೇ: ನಿವೃತ್ತಿಯವರೆಗೆ ನನ್ನನ್ನು ಈ ಕೋಣೆಯಿಂದ ಕದಲಿಸಬಾರದು, ಮೇಡಂ ಅವರು ದಿನವೂ ಬಂದು ಮಾರ್ಗದರ್ಶನ ಮಾಡಬೇಕು.” ಓದಿ ನೋಡಿದಾಗ ಅವನಿಗೇ ಸ್ವಲ್ಪ ನಾಚಿಕೆಯಾಯಿತು. ಆದರೂ ಹಾಕಿದ.

ಕೆಳಗೆ ಬರುವ ದಾರಿಯಲ್ಲಿ, ಕಟ್ಟು ಬಿಚ್ಚುವ ಯಂತ್ರ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ತಿರುಗುವ ಸದ್ದು ಕಿವಿಗೆ ಬಿತ್ತು. ಸೀನಪ್ಪ ನೆಟ್ಟಗೆ ಬೆಂಚಿನ ಹತ್ತಿರ ಓಡಿದ. ಅಜ್ಜಿ ಕಟ್ಟಿನ ಕೈಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈ ಸಲ ಅದು ಓಡಿಹೋಗಲ್ಲ ಅಜ್ಜಿ, ಬೇಗ ಹೊರಡಿ ಎಂದು ಅವಸರದಲ್ಲಿ ಜೇಬಿನಿಂದ ಕೈಗೆ ಸಿಕ್ಕ ಕಾಗದ ಎಳೆದು, ಹಿಂಬದಿಯಲ್ಲಿ ದಾರಿ ಬರೆದು, ದೊಡ್ಡ ಬಾಣ ಹಾಕಿ ಕೊಟ್ಟ. ಜೊತೆಗೇ ಹೋಗಬೇಕೆಂದು ಅವನಿಗೆ ಮನಸ್ಸಿತ್ತು. ಅಷ್ಟರಲ್ಲಿ ಫೈಲು ಕೇಳುವವರು ಅವನನ್ನು ಗುರುತು ಹಿಡಿದು ಹೆಚ್ಚುಕಡಿಮೆ ಎತ್ತಿಕೊಂಡೇ ನೆಲಮಾಳಿಗೆಗೆ ಒಯ್ದರು.

ನಾಲ್ಕು ಗಂಟೆಗೆ ಎಲ್ಲರೂ ಮೂರನೇ ಮಹಡಿಯ ಸಭಾಕೋಣೆಯಲ್ಲಿ ಸೇರಿದರು. ಸುತ್ತಲೂ ಗೋಡೆಗೆ ಫೈಲಿನ ಕಪಾಟುಗಳು. ಸೀನಪ್ಪ ಹಿಂದಿನ ಸಾಲಿನಲ್ಲಿ ಗುರುವಿನ ಪಕ್ಕ ನಿರಾಳವಾಗಿ ಕೂತ. ಮೇಡಂ ಪೆಟ್ಟಿಗೆ ತೆರೆದು, ಒಂದೊಂದೇ ಕಾಗದವನ್ನು ಮನಸ್ಸಿನಲ್ಲೇ ಓದಿ, ಒಂದರ ಮೇಲೊಂದು ಇಟ್ಟರು. ಮುಖದಲ್ಲಿ ಏನೂ ಕಾಣಲಿಲ್ಲ. ಎಲ್ಲ ಮುಗಿಸಿ ಕನ್ನಡಕ ತೆಗೆದರು.

“ಲಿಫ್ಟ್ ಇಲ್ಲ. ಬೋರ್ಡ್ ಇಲ್ಲ. ಕಂಪ್ಯೂಟರ್ ಇಲ್ಲ. ಆದ್ರೂ ಅರವತ್ತೆರಡು ಜನಕ್ಕೆ ಎಲ್ಲ ಚೆನ್ನಾಗಿದೆ,” ಎಂದರು. “ಒಬ್ರಾದ್ರೂ ನಿಜ ಬರೀತಾರೆ ಅಂತ ಕಾದಿದ್ದೆ. ಬರೆದೋರಿಗೇ ಕೊಡೋಣ ಅಂತ ವಿಚಾರಣೆ ಮೇಜನ್ನ ಎರಡು ತಿಂಗಳಿಂದ ಖಾಲಿ ಇಟ್ಕೊಂಡಿದ್ದೀನಿ. ರೋಗಿಗಳ ಮುಂದೆ ಕೂರೋರಿಗೆ ಮೊದಲು ನಿಜ ಹೇಳೋ ಧೈರ್ಯ ಬೇಕು.”

ಸೀನಪ್ಪ ಕುರ್ಚಿಯ ತುದಿಗೆ ಸರಿದ. ಕೈಗೆ ಬಂದ ತುತ್ತನ್ನು ಇಕ್ಕಳ ಹಾಕಿ ಹೊರಗೆ ತೆಗೆದವನು ತಾನೇ. ಆ ಕಾಗದ ಈಗಲೂ ಜೇಬಿನಲ್ಲಿದೆ, ಎದ್ದು ಕೊಟ್ಟುಬಿಡಲೇ ಎಂದು ಜೇಬು ತಡಕಿದ. ರದ್ದಿ ಸಿಕ್ಕಿತು, ಇನ್ನಷ್ಟು ರದ್ದಿ ಸಿಕ್ಕಿತು. ನಾಲ್ಕು ಮಡಿಕೆಯ ಕಾಗದ ಸಿಗಲಿಲ್ಲ.

ಅಷ್ಟರಲ್ಲಿ ಮೇಡಂ, ಈ ದಿನದ ಅನುಭವ ಕೇಳಲು ಒಬ್ಬ ರೋಗಿಯನ್ನೂ ಕರೆಸಿದ್ದೇನೆ ಎಂದು ಬಾಗಿಲ ಕಡೆ ನೋಡಿದರು. ಸಹಾಯಕ ಕರೆತಂದದ್ದು ಅಜ್ಜಿಯನ್ನು. ಎಡಗೈ ಬೋಳಾಗಿ, ಹಗುರಾಗಿ, ಹೊಸದಾಗಿತ್ತು. ಅದನ್ನು ಸುಖವಾಗಿ ಕೆರೆದುಕೊಳ್ಳುತ್ತಲೇ ಅಜ್ಜಿ ಕೂತರು. ಬೆಳಗಿನಿಂದ ಆ ಯಂತ್ರದ ಹಿಂದೆ ತಾವು ಪಟ್ಟ ಪಾಡನ್ನು ಒಂದೂ ಬಿಡದೆ ಹೇಳಿದರು.

“ಇಷ್ಟು ದೊಡ್ಡ ಆಸ್ಪತ್ರೇಲಿ ಒಬ್ಬ ಮಾತ್ರ ಮನುಷ್ಯ ಇದ್ದಾನಮ್ಮ,” ಎಂದು ಕೊನೆಗೆ ಅಂದರು. “ಸೀನ್ತಾ ಇರ್ತಾನೆ, ಪಾಪ. ಅವನು ದಾರಿ ಬರ್ಕೊಟ್ಟ. ಎಂಥ ಅಕ್ಷರ ಅಂತೀರಿ, ಕನ್ನಡಕ ಇಲ್ದೇನೇ ಓದ್ಬಹುದು. ನೋಡಿ ಬೇಕಾದ್ರೆ.”

ಅಜ್ಜಿ ಸೆರಗಿನ ಗಂಟಿನಿಂದ ಕಾಗದ ತೆಗೆದು ಕೊಟ್ಟರು. ಮೇಡಂ ಬಾಣ ನೋಡಿದರು, ತಲೆಯಾಡಿಸಿದರು, ಕಾಗದ ತಿರುಗಿಸಿದರು. ಅದರ ಮೇಲಿದ್ದ ದಪ್ಪಕ್ಷರ ಹಿಂದಿನ ಸಾಲಿಗೂ ಕಾಣುತ್ತಿತ್ತು: ‘ಮನಸ್ಸು ಬಿಚ್ಚಿ ಬರೆಯಿರಿ’.

ಅವರು ಅದನ್ನು ಗಟ್ಟಿಯಾಗಿ ಓದಿದರು. ಧೂಳಿನ ಕಾಯಂ ಹುದ್ದೆಗೆ ಸಣ್ಣಗೆ ನಗು ಬಂತು. ಶೌಚಾಲಯದ ಸಾಲಿಗೆ ಇಡೀ ಕೋಣೆ ಕಲ್ಲಾಯಿತು. ಸೀನಪ್ಪ ಗುರುವಿನ ಬೆನ್ನ ಹಿಂದೆ ಎಷ್ಟು ಅಡಗಬಹುದೋ ಅಷ್ಟು ಅಡಗಿದ.

“ಇದು ನಿಜ,” ಎಂದರು ಮೇಡಂ. “ಅವತ್ತು ಅಲ್ಲೂ ಸಿಗಲಿಲ್ಲ.”

ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ ನಕ್ಕರು. ಮೂರು ತಿಂಗಳಲ್ಲಿ ಅವರ ಹಲ್ಲು ಕಂಡದ್ದು ಅದೇ ಮೊದಲು. ಇದನ್ನು ಬರೆದವರು ಏಳಿ ಎಂದಾಗ ಸೀನಪ್ಪ ಏಳುವ ಮೊದಲೇ ಗುರು ಅವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಅಜ್ಜಿ ಇವನೇ, ಇವನೇ ಎಂದರು. ನಿಜ ಬರೆದದ್ದಲ್ಲದೆ ಇಂಥ ದಿನದಲ್ಲೂ ರೋಗಿಗಳ ಕೈ ಬಿಡದ ನೌಕರ ಇವರು, ನಾಳೆಯಿಂದ ಕಿಟಕಿ ಪಕ್ಕದ ಕುರ್ಚಿ ಇವರದೇ ಎಂದು ಮೇಡಂ ಹೇಳಿದರು. ಚಪ್ಪಾಳೆ ಬಿತ್ತು. ಸೀನಪ್ಪನ ಕಣ್ಣಲ್ಲಿ ನೀರು ಬಂತು, ಧೂಳಿನ ಕಾರಣಕ್ಕಲ್ಲದೆ ಬಂದದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಕಣ್ಣ ಮುಂದೆ ಆ ಮರ ಎಲೆ ಎಲೆಯಾಗಿ ನಿಂತಿತು.

ಮೇಡಂ ಆ ಕಾಗದವನ್ನು ಉಳಿದವುಗಳ ಜೊತೆ ಸೇರಿಸಲು ಹೋದರು. ರಾಶಿಯ ಮೇಲಿದ್ದ ಕಾಗದವನ್ನೊಮ್ಮೆ ನೋಡಿದರು, ಕೈಯಲ್ಲಿದ್ದುದನ್ನೊಮ್ಮೆ ನೋಡಿದರು. ಕನ್ನಡಕ ಮತ್ತೆ ಹಾಕಿಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟರು. ದಪ್ಪಗೆ, ದುಂಡಗೆ, ಪ್ರತಿ ಅಕ್ಷರಕ್ಕೂ ಒಂದು ಬಾಲ.

“ಇದೂ ನಿಮ್ಮದೇ ಅಲ್ವಾ?” ಎಂದು ಕೇಳಿ, ಸ್ವರ್ಗದಿಂದ ಮಾರ್ಗದರ್ಶನದವರೆಗೆ ಅದನ್ನೂ ಓದಿದರು.

ಅಲ್ಲ ಎನ್ನಲು ಸೀನಪ್ಪ ಬಾಯಿ ತೆರೆದ. ಮೇಡಂ ಬೆನ್ನ ಹಿಂದಿನ ಕಪಾಟಿನಿಂದ ಇನ್ನೂರು ಫೈಲುಗಳು ಅದೇ ಅಕ್ಷರದಲ್ಲಿ ಅವನನ್ನೇ ನೋಡುತ್ತಿದ್ದವು. ಬಾಯಿ ಮುಚ್ಚಿದ. ಎರಡರಲ್ಲಿ ಯಾವುದು ನಿಜ ಎಂದು ಮೇಡಂ ಶಾಂತವಾಗಿ ಕೇಳಿದರು. ಮೊದಲನೆಯದು ನಿಜ ಎಂದರೆ, ಅದು ಬೀಗ ಹಾಕಿದ ಪೆಟ್ಟಿಗೆಯಿಂದ ಅಜ್ಜಿಯ ಸೆರಗಿಗೆ ಹೇಗೆ ಬಂತೆಂದು ಹೇಳಬೇಕು. ಎರಡನೆಯದು ನಿಜ ಎಂದರೆ ಕುರ್ಚಿ ಹೋಯಿತು. ಅದೇ ಹೊತ್ತಿಗೆ ಮುಂದಿನ ಸಾಲಿನಿಂದ ಹಿರಿಯ ಸಿಸ್ಟರ್ ತಿರುಗಿ ನೋಡಿ, ಅವನ ಪ್ಯಾಂಟಿನ ಜೇಬಿನಿಂದ ಇಣುಕುತ್ತಿದ್ದ ಇಕ್ಕಳದ ಕಡೆ ಬೆರಳು ತೋರಿಸಿದರು.

“ನಾಲ್ಕು ಗಂಟೆ ಆಯ್ತು, ಸೀನಪ್ಪನವರೇ. ಫೈಲು ಸಿಕ್ತಾ?”

ಮೇಡಂ ಇಕ್ಕಳವನ್ನು ನೋಡಿದರು, ಪೆಟ್ಟಿಗೆಯ ಬಾಯಿಯನ್ನು ನೋಡಿದರು. ಉತ್ತರಕ್ಕೆ ಕಾದರು.

“ಎರಡೂ ನಿಜ, ಮೇಡಂ,” ಎಂದುಬಿಟ್ಟ ಸೀನಪ್ಪ.

ಮೇಡಂ, ನೌಕರರ ಬಯಕೆ ಏನೇ ಇದ್ದರೂ ಈಡೇರಿಸುತ್ತೇನೆ ಎಂದು ತಾವು ಮಾತು ಕೊಟ್ಟಿರುವುದನ್ನು ನೆನಪಿಸಿದರು. ಒಂದನ್ನು ನಡೆಸಿ ಇನ್ನೊಂದನ್ನು ಬಿಟ್ಟರೆ ಅನ್ಯಾಯವಾಗುತ್ತದೆ ಎಂದರು. ಆದ್ದರಿಂದ ನಾಳೆಯಿಂದ ಬೆಳಿಗ್ಗೆ ಎಂಟರಿಂದ ಒಂದರವರೆಗೆ ವಿಚಾರಣೆ ಮೇಜು, ಒಂದರಿಂದ ಆರರವರೆಗೆ ದಾಖಲೆ ಕೋಣೆ. ಹೊಸ ಕಂಪ್ಯೂಟರಿನ ಮೇಲೆ ತಮಗೆ ನಂಬಿಕೆ ಹೋಗಿರುವುದರಿಂದ ಫೈಲುಗಳ ಕೆಲಸ ಇನ್ನು ದುಪ್ಪಟ್ಟಾಗುತ್ತದೆ. ಮಾರ್ಗದರ್ಶನಕ್ಕೆ ತಾವು ದಿನವೂ ಐದು ಗಂಟೆಗೆ ಕೆಳಗೆ ಬರುತ್ತೇವೆ. ಕಿಟಕಿಯ ವಿಷಯಕ್ಕೆ ಮಾತ್ರ ಒಂದು ತಿಂಗಳು ಕಾಯಬೇಕು, ಬಣ್ಣ ಹೊಡೆಯುವವರು ಅದಕ್ಕೆ ಹಲಗೆ ಹೊಡೆದು ಮುಚ್ಚಿದ್ದಾರೆ.

ಮತ್ತೆ ಚಪ್ಪಾಳೆ ಬಿತ್ತು, ಈ ಸಲ ಇನ್ನೂ ಜೋರಾಗಿ, ಬೇರೆ ಯಾರಿಗೂ ದಾಖಲೆ ಕೋಣೆ ಬೀಳಲಿಲ್ಲವೆಂಬ ಸಮಾಧಾನಕ್ಕೆ. ಒಬ್ಬನಿಗೆ ಎರಡೆರಡು ಸೀಟು, ಪುಣ್ಯವಂತ ಎಂದು ಗುರು ಬೆನ್ನು ತಟ್ಟಿದ. ತಟ್ಟಿದ ರಭಸಕ್ಕೆ ಅಂಗಿಯಿಂದ ಹನ್ನೊಂದು ವರ್ಷದ ಧೂಳೆದ್ದು ಸೀನಪ್ಪನಿಗೆ ಕಪಾಟಿನ ಗಾಜು ಅದುರುವ ಹಾಗೊಂದು ಸೀನು ಬಂತು.

ಅಜ್ಜಿ ತಮ್ಮ ಹೊಸ ಎಡಗೈಯನ್ನು ಎತ್ತಿ ಅವನ ತಲೆಯ ಮೇಲಿಟ್ಟರು.

“ನೂರು ವರ್ಷ ಅಪ್ಪಾ,” ಎಂದು ಮನಸಾರೆ ಹರಸಿದರು. “ನೂರು ವರ್ಷ ಇಲ್ಲೇ ಇರು.”